ಮಂಗಳ ಗ್ರಹದ ಮುಂದೆ ಲಾರಿ ಸಾಲು

ಮಂಗಳ ಗ್ರಹದ ಮುಂದಿನ ಟ್ರಾಫಿಕ್ ಗೊಂದಲವನ್ನು ಬಿಡಿಸಿದವರು ಇಡೀ ಕಾರಟಗಿಯಲ್ಲಿ ಒಬ್ಬರೇ, ಅವರು ನಮ್ಮ ಕಾಕಾ! ಓದಿದ್ದು ನಾಲ್ಕನೇ ತರಗತಿ, ಓಡಿಸಿದ್ದು ಮೂವತ್ತು ವರ್ಷ ನೆಲ್ಲಿನ, ಅಂದರೆ ಭತ್ತದ, ಲಾರಿ.

ತಪ್ಪೆಲ್ಲ ಅವರ ಮಗಳದು. ದೂರದ ಊರಲ್ಲಿ ಮಂಗಳ ಗ್ರಹದ ಬಗ್ಗೆ ಪಿಎಚ್‌ಡಿ ಮಾಡುತ್ತಿದ್ದಾಳೆ. ಸೂರ್ಯನಿಂದ ಕಣಗಳ ಗಾಳಿ ಬೀಸುತ್ತದಂತೆ, ಮಂಗಳ ಮುಟ್ಟುವ ಮೊದಲೇ ಕಾಣದ ಗೋಡೆಯೊಂದಕ್ಕೆ ಬಡಿಯುತ್ತದಂತೆ. ಬಡಿಯಲಿ ಬಿಡಿ! ಆದರೆ ಆ ಗೋಡೆಗಿಂತ ಎಷ್ಟೋ ಮುಂಚೆ, ಬಟ್ಟಬಯಲಲ್ಲಿ ಅಲೆಗಳು ಏಳುತ್ತವೆ. ಯಾಕೆ? ಕಾಕಾ ಕೇಳಿದ್ದಕ್ಕೆ ಅವಳು, "ಬಿಡಪ್ಪಾ, ನಿನಗ ತಿಳಿಯಂಗಿಲ್ಲ" ಎಂದುಬಿಟ್ಟಳು. ಅಂದಿನಿಂದ ಅಪ್ಪ ಮಗಳ ಫೋನು "ಉಂಡಿ?", "ಉಂಡೆ" ಎಂಬಲ್ಲಿಗೇ ಮುಗಿಯತೊಡಗಿತು. ಮಗಳ ಜೊತೆ ಮಾತು ಬೇಕೆಂದರೆ ಮಂಗಳ ತಿಳಿಯಲೇಬೇಕು ಎಂದು ಕಾಕಾ ಹಟ ಹಿಡಿದರು.

ಮೊದಲು ಹೇಮಗುಡ್ಡದ ಗುಡಿಗೆ ಹೋಗಿ ಅರ್ಚಕರನ್ನು ಹಿಡಿದರು.

"ಮಗಳಿಗೆ ಮಂಗಳನ ಮುಂದ ಏನೋ ಅಡ್ಡ ಬಂದೈತ್ರಿ."

"ಹಂಗಾದ್ರ ಲಗ್ನ ತಡ ಆಕೈತಿ!"

ಒಂದು ಪ್ರಶ್ನೆ ಒಯ್ದ ಕಾಕಾ ಇಬ್ಬರು ವರರ ವಿಳಾಸದ ಚೀಟಿ ಹಿಡಿದು ಬಂದರು. ಅವರ ಹೆಂಡತಿ, ನಮ್ಮ ಕಾಕು ಮಾತ್ರ ಆ ಚೀಟಿಯನ್ನು ಜೋಪಾನವಾಗಿ ಎತ್ತಿಟ್ಟರು!

ಸುಗ್ಗಿಯಲ್ಲಿ ಒಂದು ಬೆಳಿಗ್ಗೆ ನನ್ನ ಬೈಕಿನ ಹಿಂದೆ ಕೂತು ಅಕ್ಕಿ ಮಿಲ್ಲಿಗೆ ಹೊರಟರು. ಗೇಟು ಇನ್ನೂ ಕಣ್ಣಿಗೇ ಬಿದ್ದಿಲ್ಲ, ಆಗಲೇ ಲಾರಿಗಳ ಗದ್ದಲ.

"ಗೇಟು ಅಷ್ಟು ದೂರ ಐತಿ, ಇಲ್ಲ್ಯಾಕ ಗದ್ದಲ?" ಎಂದೆ.

ಎದುರಿನಿಂದ ಬಂದ ಲಾರಿಯ ಡ್ರೈವರ್ ರೇಗಿದ: "ನೆಲ್ಲು ಹಸಿ ಐತಂತ ವಾಪಸ್ ಕಳಿಸ್ಯಾರ್ರಿ! ಬರೋ ಲಾರಿ ದಾರಿ ಬಿಡವಲ್ವು!"

ಕಾಕಾ ಬೈಕಿನಿಂದ ಹಾರಿದರು. "ಮಂಗಳದ ಮುಂದೂ ನಿನ್ನಂಥಾವರದ ಕಿತಾಪತಿ ಐತಪಾ!" ಎಂದು ಅವನ ಕೈ ಹಿಡಿದು ಕುಲುಕಿದರು.

"ಯಜಮಾನ್ರ, ಮುಂಜಾನಿನ ಏರಿಸೀರೇನು?"

ಕಾಕಾ ಅಲ್ಲೇ ಮಗಳಿಗೆ ಫೋನು ಹಚ್ಚಿದರು. "ಗೋಡಿಗೆ ಬಡದು ಒಂದಿಷ್ಟು ಕಣ ವಾಪಸ್ ಬರ್ತಾವ. ಎದುರಿನ ಗಾಳ್ಯಾಗ ನುಗ್ಗತಾವ. ಅದಕ್ಕ ಅಲಿ ಏಳತಾವ. ಹೌದಿಲ್ಲ?"

ಆ ಕಡೆಯಿಂದ ಮಗಳು, "ಹೌದಪ್ಪಾ... ನಿನಗ ಯಾರು ಹೇಳಿದ್ರು?"

"ಲಾರಿ!"

ಅವಳು ನಕ್ಕಳು. ನಗುತ್ತಲೇ ಮಾತು ಶುರುವಾಯಿತು. ಲೆಕ್ಕ ತಪ್ಪಿದ್ದು, ಗೈಡ್ ಬೈದದ್ದು, ಎಲ್ಲ ಬಿಟ್ಟು ಬರಬೇಕೆಂದು ಎರಡು ಸಲ ಬ್ಯಾಗು ತುಂಬಿದ್ದು, ಒಂದೊಂದಾಗಿ ಹೊರಬಿದ್ದವು. ಹಾರ್ನುಗಳ ನಡುವೆ ಕಾಕಾ ಕಿವಿಗೆ ಫೋನು ಒತ್ತಿಕೊಂಡು ಹ್ಞೂಂಗುಡುತ್ತಾ ನಿಂತರು. ಲಾರಿ ಸಾಲು ಕರಗಿದರೂ ಮಾತು ಮುಗಿಯಲಿಲ್ಲ.

ಕೊನೆಗೆ ಕಾಕಾ ಮೆಲ್ಲಗೆ ಕೇಳಿದರು: "ಇಷ್ಟು ದಿನ ಇದನ್ನೆಲ್ಲ ಒಬ್ಬಾಕಿನ ಹೊತ್ತಕೊಂಡಿದ್ದೇನವ್ವಾ?"