ಕಾರಿನ ಶೆಡ್ಡಿನಿಂದ ನಾರಾವಿಗೆ

ಆ ದಿನ ಬೆಳಿಗ್ಗೆಯೂ ಎಲ್ಲ ದಿನಗಳ ಹಾಗೆಯೇ ಎದ್ದೆ. ಒಂದು ಒಲೆಯಲ್ಲಿ ಹಾಲಿಟ್ಟು, ಇನ್ನೊಂದರಲ್ಲಿ ಕುಚ್ಚಲಕ್ಕಿಯ ಕುಕ್ಕರ್ ಏರಿಸಿ, ಇವರ ಬುತ್ತಿಗೆಂದು ತೊಂಡೆಕಾಯಿ ಹೆಚ್ಚಿ, ಹಾಲು ಉಕ್ಕುವ ಮೊದಲು ಓಡಿಹೋಗಿ ಅಡುಗೆಮನೆಯ ಪಕ್ಕದ ಬಾಗಿಲಿನ ಚಿಲಕ ತೆಗೆದೆ. ಆ ಬಾಗಿಲು ಕಾರಿನ ಶೆಡ್ಡಿಗೆ ತೆರೆಯುತ್ತದೆ. ಶೆಡ್ಡಿನಲ್ಲಿ ಕಾರು ಇಲ್ಲ, ಅದು ಹೊರಗೆ ಜೀಗುಜ್ಜೆ ಮರದ ಕೆಳಗೆ ನಿಂತು ಹಕ್ಕಿಗಳ ಸೇವೆ ಸ್ವೀಕರಿಸುತ್ತಿರುತ್ತದೆ. ಕಾರನ್ನು ಹೊರಗೆ ಹಾಕಿಸಿ ಆ ಶೆಡ್ಡಿನಲ್ಲಿ ದಿನಾ ನಡೆಯುತ್ತಿದ್ದ ನಮ್ಮ ಅತ್ತೆಯೂ ಈಗ ಇಲ್ಲ, ಕಳೆದ ಚಳಿಗಾಲದಲ್ಲಿ ಒಂದು ಬೆಳಗಿನ ಜಾವ ನಿದ್ದೆಯಲ್ಲೇ ಹೋದರು. ಆದರೂ ಹಾಲು ಕಾಯುವ ಹೊತ್ತಿಗೆ ಆ ಚಿಲಕ ತೆಗೆಯುವುದು ನನ್ನ ಕೈಗೆ ರೂಢಿಯಾಗಿದೆ. ಊರಿಗೆಲ್ಲ ಸುದ್ದಿ ಮುಟ್ಟಿಸಿದೆವು, ನನ್ನ ಕೈಗೆ ಮಾತ್ರ ಯಾರೂ ಇನ್ನೂ ಮುಟ್ಟಿಸಿಲ್ಲ.

ಶೆಡ್ಡಿನ ನೆಲದ ಕಥೆಯನ್ನು ಸ್ವಲ್ಪ ಹೇಳಬೇಕು. ಇಂಟರ್‌ಲಾಕ್ ಎಂದರೆ ನಮ್ಮ ಮೂಡುಬಿದಿರೆ ಕಡೆ ಎಲ್ಲರೂ ಅಂಗಳಕ್ಕೆ ಹಾಸುವ ಸಿಮೆಂಟಿನ ಇಟ್ಟಿಗೆ ಎಂದೇ ತಿಳಿಯುತ್ತಾರೆ. ನಮ್ಮದು ಅದಲ್ಲ, ಪ್ಲಾಸ್ಟಿಕ್ಕಿನ ಚೌಕಗಳು. ಒಂದರ ಕಿವಿಗೆ ಇನ್ನೊಂದರ ಕೊಕ್ಕೆ ಸಿಕ್ಕಿಸಿ ಮೇಲಿನಿಂದ ತುಳಿದರೆ ಟಕ್ ಎಂದು ಕೂತುಕೊಳ್ಳುತ್ತವೆ. ನಮ್ಮವರು ಬಂಟ್ವಾಳದಲ್ಲಿ ಹೈಸ್ಕೂಲು ಮಾಸ್ತರು. ಒಂದು ಸಂಜೆ ಏನೋ ಕೆಲಸಕ್ಕೆ ಹೋಗಿ ಪಾಣೆಮಂಗಳೂರಿನ ಯಾವುದೋ ಅಂಗಡಿಯಲ್ಲಿ ಇದನ್ನು ನೋಡಿ ಮರುಳಾದರು. ಅಂಗಡಿಯವ, "ಸರ್, ಕಾರೆಂಥದು, ನೀವು ಲಾರಿ ನಿಲ್ಲಿಸಿ. ಹದಿನೈದು ವರ್ಷ ಇದರ ಒಂದು ಗೆರೆ ಅಳಿಸಿದರೆ ನನ್ನನ್ನು ಕೇಳಿ" ಎಂದನಂತೆ. ಇವರು ಅದರ ಆರೈಕೆಯ ಬಗ್ಗೆ ಒಂದು ಪಾಠವನ್ನೇ ಕಲಿತು ಬಂದಿದ್ದರು. ಮರಳು ನಿಲ್ಲಬಾರದು, ಆಸಿಡ್ ಹಾಕಬಾರದು, ವರ್ಷಕ್ಕೊಮ್ಮೆ ಎಲ್ಲ ಬಿಚ್ಚಿ ತೊಳೆಯಬೇಕು, ಒಂದು ಕಡೆ ಸವೆದರೆ ಮೂಲೆಯದ್ದನ್ನು ತಂದು ಅಲ್ಲಿ ಹಾಕಿ ಸವೆದದ್ದನ್ನು ಮೂಲೆಗೆ ಕಳಿಸಬೇಕು. ನನ್ನನ್ನು ಮದುವೆಯಾದ ಹೊಸತರಲ್ಲಿಯೂ ಇಷ್ಟು ಎಚ್ಚರಿಕೆಗಳನ್ನು ಅವರು ಯಾರಿಂದಲೂ ಕೇಳಿ ತಿಳಿದುಕೊಂಡಿರಲಿಲ್ಲ. ಒಂದು ಭಾನುವಾರವಿಡೀ ಮೊಣಕಾಲೂರಿ, ಕಪ್ಪು ಬೂದು, ಕಪ್ಪು ಬೂದು ಎಂದು ಚದುರಂಗದ ಹಾಗೆ ಹಾಸಿದರು. ಅತ್ತೆ ಬಾಗಿಲಲ್ಲಿ ಕೂತು ನೋಡಿ, "ಹೆತ್ತವಳಿಗೆ ಹಾಸದ ಚಾಪೆಯನ್ನು ಕಾರಿಗೆ ಹಾಸಿದ್ದಾನೆ ನೋಡು. ರಾತ್ರಿ ಹೊದಿಕೆಯೂ ಕೊಡು ಮಗಾ, ಪಾಪ, ಚಳಿಯಾದೀತು" ಎಂದರು.

ಆ ಮಾತು ಹೇಳಿ ಒಂದು ಮಳೆಗಾಲ ಕಳೆದಿರಲಿಲ್ಲ, ಅತ್ತೆ ನಮ್ಮ ಚಾವಡಿಯಲ್ಲಿ ಜಾರಿ ಬಿದ್ದರು. ಮುಖ ಕಾಣುವಷ್ಟು ಹೊಳೆಯುವ ನೆಲ ಬೇಕೆಂದು ಹಟ ಹಿಡಿದು ಹಾಕಿಸಿದವಳು ನಾನೇ. ಮೂಳೆ ಮುರಿಯಲಿಲ್ಲ, ಧೈರ್ಯ ಮುರಿಯಿತು. ಡಾಕ್ಟರು ವಾಕರ್ ಕೊಟ್ಟು, "ದಿನಾ ನಡೆಯಬೇಕಮ್ಮ, ಆದರೆ ಜಾರದ ನೆಲದಲ್ಲಿ" ಎಂದರು. ಮನೆಗೆ ಬಂದು ಇಡೀ ಮನೆ ಹುಡುಕಿದೆವು. ಜಾರದ ನೆಲ ಎಂದು ಇದ್ದದ್ದು ಕಾರಿಗೆ ಮಾತ್ರ. ನಮ್ಮವರು ಕಾರನ್ನು ಹಿಂದಕ್ಕೆ ತೆಗೆದು ಜೀಗುಜ್ಜೆ ಮರದ ಕೆಳಗೆ ನಿಲ್ಲಿಸಿದರು. ಅಂದಿನಿಂದ ಶಾಲೆಗೆ ಹೊರಡುವ ಮೊದಲು ಗಾಜಿನ ಮೇಲಿನ ಹಿಕ್ಕೆ ಒರೆಸುವುದು ಅವರ ನಿತ್ಯಕರ್ಮವಾಯಿತು.

ಅತ್ತೆಗೆ ಸುಮ್ಮನೆ ನಡೆಯುವುದೆಂದರೆ ಆಗದು. "ಎಲ್ಲಿಗೆ ಅಂತ ಇಲ್ಲದೆ ನಡೆಯಲಿಕ್ಕೆ ನಾನೇನು ಹುಚ್ಚಿಯಾ?" ಎಂದು ಮೊದಲ ದಿನವೇ ಮುಷ್ಕರ ಹೂಡಿದರು. ಶೆಡ್ಡಿನ ಆಚೆ ಮೂಲೆಯಲ್ಲಿ ಅವರ ತವರಿನಿಂದ ಬಂದ ಕಡೆಯುವ ಕಲ್ಲು ಇದೆ. ಮಿಕ್ಸಿ ಬಂದ ಮೇಲೆ ಅದಕ್ಕೆ ಕೆಲಸವಿಲ್ಲ, ಆದರೆ ಅದನ್ನು ಎತ್ತಿ ಹೊರಗೆ ಹಾಕುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ. ತವರು ನಾರಾವಿ. ನಾನು ತಮಾಷೆಗೆ, "ಮಾಮಿ, ಆ ಕಲ್ಲಿನವರೆಗೆ ಹೋದರೆ ನಾರಾವಿ ಮುಟ್ಟಿದ ಹಾಗೆ" ಎಂದೆ. ಅವರು ನಗಲಿಲ್ಲ, ಗಂಭೀರವಾಗಿ ಕಲ್ಲನ್ನು ನೋಡಿದರು. ಮರುದಿನ ಬೆಳಿಗ್ಗೆ ಅಡುಗೆಮನೆಯ ಹೊಸ್ತಿಲಲ್ಲಿ ವಾಕರ್ ಹಿಡಿದು ನಿಂತು, "ನಾರಾವಿಗೆ ಪೋದು ಬರ್ಪೆ" ಎಂದು ತುಳುವಿನಲ್ಲಿ ಹೋಗಿ ಬರುತ್ತೇನೆಂದು ಹೇಳಿಯೇ ಹೊರಟರು. ಟಕ್, ಸರ್ರ್. ಟಕ್, ಸರ್ರ್. ಟಕ್ ಎಂದದ್ದು ವಾಕರ್, ಸರ್ರ್ ಎಂದದ್ದು ಅವರ ಎಡಗಾಲು. ಕಲ್ಲಿನ ಬಳಿ ಒಂದು ಕುರ್ಚಿ ಹಾಕಿಟ್ಟಿದ್ದೆ. ಅಲ್ಲಿ ಕೂತು ಬೆಲ್ಲ ನೀರು ಕುಡಿದು, ಮಾತ್ರೆ ನುಂಗಿ, ಸುಧಾರಿಸಿಕೊಂಡು ವಾಪಸ್. "ಹೇಗಿದ್ದಾರೆ ನಾರಾವಿಯಲ್ಲಿ ಎಲ್ಲ?" ಎಂದು ಕೇಳಿದರೆ, "ಅಲ್ಲಿಯೂ ಸೆಕೆಯೇ" ಎನ್ನುತ್ತಿದ್ದರು.

ವಾಕರಿನ ಒಂದು ಕಾಲಿನ ರಬ್ಬರು ಬಿದ್ದುಹೋದಾಗ ಇವರು ಹೊಸತು ತಂದರು. ಅತ್ತೆ ಹಾಕಲು ಬಿಡಲಿಲ್ಲ. "ಶಬ್ದ ಇಲ್ಲದಿದ್ದರೆ ನಾನು ನಡೆದೆ ಅಂತ ನನಗೆ ಹೇಗೆ ಗೊತ್ತಾಗ್ಬೇಕು?" ಆ ಬರಿಯ ಕೊಳವೆ, ಆ ಎಳೆಯುವ ಎಡಗಾಲು, ಅದರಡಿಯ ಮರಳು, ಮೂರೂ ಸೇರಿ ಲಾರಿಗೆ ಜಗ್ಗದ ನೆಲವನ್ನು ನಾಲ್ಕು ವರ್ಷದಲ್ಲಿ ಸವೆಸಿದವು. ಹೊಸ್ತಿಲಿನಿಂದ ಕಡೆಯುವ ಕಲ್ಲಿನವರೆಗೆ ಮಾಸಲು ಬಿಳಿಯ ಒಂದು ದಾರಿ ಬಿದ್ದಿತು, ಗುಡ್ಡದಲ್ಲಿ ದನ ನಡೆದ ಜಾಡಿನ ಹಾಗೆ. ಕೋಳಿಯಷ್ಟು ಹಗುರವಾಗಿದ್ದ ಮುದುಕಿ ಮಾಡಿದ್ದು ಇದು ಎಂದರೆ ಅಂಗಡಿಯವ ನಂಬುತ್ತಿರಲಿಲ್ಲ.

ಅತ್ತೆ ಹೋದ ಮೇಲೆ ಆ ದಾರಿಯನ್ನು ನಾನು ದಾಟಿ ಹೋಗುತ್ತಿದ್ದೆ, ತುಳಿಯುತ್ತಿರಲಿಲ್ಲ. ಇದು ಯಾರಿಗೂ ಹೇಳುವಂಥ ವಿಷಯವಲ್ಲ. ಆದರೆ ಮೊನ್ನೆ ನಮ್ಮವರು ಊಟ ಮಾಡುತ್ತಾ, "ಪತ್ತನಾಜೆ ಹತ್ತಿರ ಬಂತು. ಅಮ್ಮ ನಡೆಯಲು ಶುರು ಮಾಡಿದ ಮೇಲೆ ಟೈಲ್ಸ್ ಬಿಚ್ಚಲೇ ಇಲ್ಲ, ಮಳೆ ಹಿಡಿಯುವ ಮೊದಲು ತೊಳೆದುಬಿಡುವ. ಕಾರನ್ನು ಒಳಗೆ ತರುವ, ಸವೆದದ್ದನ್ನು ಅದರ ಅಡಿಗೆ ಹಾಕುವ, ಕಾಣುವುದಿಲ್ಲ" ಎಂದರು. "ತೊಳೆಯುವುದು ನಾನು ತೊಳೆಯುತ್ತೇನೆ. ನೀವು ಕೈ ಹಾಕುವುದು ಬೇಡ" ಎಂದೆ. ಬಿಚ್ಚಿದ್ದನ್ನು ಬಿಚ್ಚಿದ ಹಾಗೆಯೇ ಜೋಡಿಸಿಬಿಟ್ಟರೆ ದಾರಿ ಉಳಿಯುತ್ತದೆ ಎಂದು ನನ್ನ ಲೆಕ್ಕ. ನಾನು ಓದಿದ ಕಾನ್ವೆಂಟಿನಲ್ಲಿ ಶನಿವಾರ ಬೆಂಚು ಎತ್ತಿ ನೆಲ ತೊಳೆಯುವಾಗ ಸಿಸ್ಟರ್ ಹಿಂದಿನಿಂದಲೇ ಬರುತ್ತಿದ್ದರು: "ಎಲ್ಲಿಂದ ತೆಗೆದೆಯೋ ಅಲ್ಲೇ ಇಡು, ಮಗು." ಆ ವಿದ್ಯೆಯಲ್ಲಿ ನನಗೆ ಯಾವಾಗಲೂ ಬಹುಮಾನ.

ಹಾಗೆ ಆ ಬೆಳಿಗ್ಗೆ ಇವರು ಹೊರಟ ಮೇಲೆ ಸೀರೆಯ ಸೆರಗು ಸಿಕ್ಕಿಸಿ ಕೂತೆ. ಒಂದೊಂದೇ ಚೌಕವನ್ನು ಬಿಚ್ಚಿ, ತೊಳೆದು, ಅಂಗಳದಲ್ಲಿ ಅದೇ ಸಾಲು, ಅದೇ ಸ್ಥಾನದಲ್ಲಿ ಇಡುತ್ತಾ ಹೋದೆ. ಅಡಿಯಲ್ಲಿ ಏನೆಲ್ಲ ಇತ್ತು! ಇರುವೆಗಳ ಸಂಸಾರ, ನನ್ನ ಕಳೆದುಹೋದ ಪಿನ್ನು, ಅತ್ತೆಯ ಎಲೆಯಡಿಕೆಯ ಚೂರು. ಕೊನೆಗೆ ಕಡೆಯುವ ಕಲ್ಲಿನ ಪಕ್ಕದ್ದು. ಅದು ಮೊದಲಿನಿಂದಲೂ ಸ್ವಲ್ಪ ಸಡಿಲ. ಎತ್ತಿ ಮಗುಚಿದೆ. ಈ ಚೌಕಗಳ ಹೊಟ್ಟೆಯಲ್ಲಿ ಜೇನುಗೂಡಿನ ಹಾಗೆ ಗೂಡುಗಳಿರುತ್ತವೆ. ಆ ಗೂಡುಗಳ ತುಂಬ ಅತ್ತೆಯ ಕ್ಯಾಲ್ಸಿಯಂ ಮಾತ್ರೆಗಳು! "ಇದು ಕುದುರೆಗೆ ಕೊಡುವಂಥದ್ದು" ಎಂದು ಮುಖ ಕಿವುಚಿ, ನನ್ನೆದುರು ಬಾಯಿಗೆ ಹಾಕಿ, ನೀರು ಕುಡಿದು, "ಆಯ್ತು ಮಾರಾಯ್ತಿ" ಎನ್ನುತ್ತಿದ್ದವರು ನಾನು ಬೆನ್ನು ತಿರುಗಿಸಿದ ಕೂಡಲೇ ಕಾಲಿನಿಂದ ಟೈಲ್ ಎತ್ತಿ ಒಳಗೆ ತಳ್ಳುತ್ತಿದ್ದರೆಂದು ಕಾಣುತ್ತದೆ. ಕೆಲವು ಕರಗಿ ಸುಣ್ಣವಾಗಿದ್ದವು. ಒಬ್ಬಳೇ ಕೂತು ಜೋರಾಗಿ ನಕ್ಕೆ. ನಗುತ್ತಾ ನಗುತ್ತಾ ಮೂಗು ಒರೆಸಿಕೊಳ್ಳಲು ಸೆರಗು ಬೇಕಾಯಿತು. ಆ ಒಂದು ಚೌಕವನ್ನು ತೊಳೆಯದೆ ಒಳಗೆ ಕಪಾಟಿನ ಮೇಲಿಟ್ಟೆ.

ಮಧ್ಯಾಹ್ನದ ಹೊತ್ತಿಗೆ ಅಂಗಳದಲ್ಲಿ ನಮ್ಮ ಶೆಡ್ಡಿನ ನೆಲ ಹಾಗೆಯೇ ಬಿಸಿಲು ಕಾಯುತ್ತಿತ್ತು, ನಡುವೆ ಬಿಳಿಯ ದಾರಿ ಸಮೇತ. ನಾನು ಊಟಕ್ಕೆ ಕೂತಿದ್ದೆ. ಕುದುರೆಮುಖದ ಕಡೆಯಿಂದ ಒಂದು ಗುಡುಗು ಕೇಳಿತು, ಅದರ ಹಿಂದೆಯೇ ದಪ್ಪ ಹನಿ. ಮಳೆ ಬಂತೆಂದರೆ ನಮ್ಮ ಕೇರಿಯಲ್ಲಿ ಯಾರ ಅಂಗಳ, ಯಾರ ಹಪ್ಪಳ ಎಂದು ಕೇಳುವ ಕ್ರಮವಿಲ್ಲ. ಕಣ್ಣಿಗೆ ಬಿದ್ದದ್ದನ್ನು ಒಳಗೆ ಸಾಗಿಸುವುದು, ಆಮೇಲೆ ಮಾತು. ಪಕ್ಕದ ಮನೆಯ ಜುಲಿಯಾನಾ ಬಾಯಿ ತಗ್ಗು ಗೋಡೆ ದಾಟಿ ಓಡಿ ಬಂದರು. "ಶೋಭಕ್ಕಾ, ಮಳೆ ಮಳೆ! ಬನ್ನಿ!" ನಾನೂ ಎಂಜಲು ಕೈಯಲ್ಲೇ ಓಡಿದೆ. ಇಬ್ಬರೂ ಬಾಚಿ ಬಾಚಿ ಎತ್ತಿ, ಒಂದರ ಮೇಲೊಂದು ಹೇರಿ ಶೆಡ್ಡಿನೊಳಗೆ ರಾಶಿ ಹಾಕಿದೆವು. ಬಾಯಿ ಅಚ್ಚುಕಟ್ಟಿನ ಹೆಂಗಸು, ಕಪ್ಪನ್ನು ಒಂದು ಕಡೆ, ಬೂದುವನ್ನು ಒಂದು ಕಡೆ ಪೇರಿಸಿದರು. ಕೊನೆಯದ್ದನ್ನೂ ತಂದಿಟ್ಟು, ಏದುಸಿರು ಬಿಡುತ್ತಾ, "ದೇವರೇ, ಒಂದೂ ಒದ್ದೆ ಆಗ್ಲಿಲ್ಲ" ಎಂದರು.

ಆಗ ನನಗೆ ಹೊಳೆಯಿತು. ಅವು ಪ್ಲಾಸ್ಟಿಕ್ಕು. ಅರ್ಧ ದಿನ ಕೂತು ನಾನೇ ನೀರು ಸುರಿದು ತೊಳೆದದ್ದು. ಇಡೀ ಮಳೆಗಾಲ ಅಂಗಳದಲ್ಲಿ ಬಿಟ್ಟಿದ್ದರೂ ಅವಕ್ಕೆ ಏನೂ ಆಗುತ್ತಿರಲಿಲ್ಲ. ನೀರಿನಿಂದ ಕಾಪಾಡಬೇಕಾದ್ದು ಅಲ್ಲಿ ಏನೂ ಇರಲಿಲ್ಲ, ನಮ್ಮಿಬ್ಬರ ಕೈಯಿಂದ ಕಾಪಾಡಬೇಕಾದ್ದು ಇತ್ತು. "ದೊಡ್ಡ ಉಪಕಾರ ಆಯ್ತು ಬಾಯಿ" ಎಂದೆ. "ಅಯ್ಯೋ, ಇದೆಂಥ ಉಪಕಾರ!" ಎಂದು ಅವರು ಹೊರಟವರು, ಗೋಡೆಯ ಬಳಿ ನಿಂತು ನೆನಪಿಸಿದರು: "ಸಂಜೆ ಬರ್ತೇನೆ ಆಯ್ತಾ, ಆ ವಾಕರಿಗೆ." ಪಾಣೆಮಂಗಳೂರಿನಲ್ಲಿರುವ ಅವರ ಅಣ್ಣನಿಗೆ ಬಚ್ಚಲಲ್ಲಿ ಬಿದ್ದು ಸೊಂಟದ ಆಪರೇಶನ್ ಆಗಿತ್ತು. ವಾಕರ್ ಕೊಡುತ್ತೇನೆಂದು ನಾನೇ ಹೇಳಿದ್ದೆ.

ಮಧ್ಯಾಹ್ನವಿಡೀ ಜೋಡಿಸಿದೆ. ಮಾತ್ರೆಯ ಚೌಕ ಕಲ್ಲಿನ ಪಕ್ಕಕ್ಕೆ ಹೋಯಿತು. ನಾರಾವಿ ಸಿಕ್ಕಿತು, ದಾರಿ ಸಿಗಲಿಲ್ಲ. ಈ ಸವೆತ ಹೊಸ್ತಿಲಿನದ್ದೋ ನಡುವಿನದ್ದೋ ಎಂದು ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿದೆ. ಹಾಸಿದೆ, ಕಿತ್ತೆ, ಮತ್ತೆ ಹಾಸಿದೆ. ಗೀರುಗಳು ಒಂದಕ್ಕೊಂದು ಸೇರಲೇ ಇಲ್ಲ. ದಾರಿ ಒಂದು ಚೌಕದಲ್ಲಿ ಬೆಳ್ತಂಗಡಿಗೆ ಹೊರಟರೆ ಮುಂದಿನದ್ದರಲ್ಲಿ ಬಂಟ್ವಾಳದ ಕಡೆ ತಿರುಗುತ್ತಿತ್ತು. ಸಿಸ್ಟರ್ ನೋಡಿದ್ದರೆ ಬಹುಮಾನ ವಾಪಸ್ ಕೇಳುತ್ತಿದ್ದರು.

ಸಂಜೆ ನಮ್ಮವರು ಬಂದರು. ಚಪ್ಪಲಿ ಕಳಚಿ ಶೆಡ್ಡಿಗೆ ಕಾಲಿಟ್ಟು ನಿಂತರು. ಗಮನಿಸುವುದಿಲ್ಲ ಎಂದುಕೊಂಡೆ. ಗಂಡಸರಿಗೆ ನೆಲ ಎಂದರೆ ನೆಲ. ಒಂದು ಚೌಕಕ್ಕೆ ಬೆರಳು ತೋರಿಸಿ, "ಇದು ಇಲ್ಲಿಯದ್ದಲ್ಲ" ಎಂದರು.

"ಯಾವುದು?"

"ಇದು. ಗೀರು ಬಿಲ್ಲಿನ ಹಾಗೆ ಉಂಟಲ್ಲ? ಇದು ತಿರುಗುವಲ್ಲಿಯದ್ದು. ಅಮ್ಮ ತಿರುಗುವಾಗ ವಾಕರ್ ಎತ್ತುತ್ತಿರಲಿಲ್ಲ, ಎಳೆಯುತ್ತಿದ್ದದ್ದು."

ಶಾಲೆಯ ಪ್ಯಾಂಟಿನಲ್ಲೇ ಕುಕ್ಕರಗಾಲಲ್ಲಿ ಕೂತು ಆ ಚೌಕವನ್ನು ಕಿತ್ತು ಕಲ್ಲಿನ ಹತ್ತಿರಕ್ಕೆ ಒಯ್ದರು. ಸವೆದದ್ದನ್ನು ಕಾರಿನ ಅಡಿಗೆ ಹಾಕುವ ಮಾತು ಮತ್ತೆ ಬರಲಿಲ್ಲ. ಇಬ್ಬರೂ ಸೇರಿ ಇನ್ನಷ್ಟನ್ನು ಆಚೀಚೆ ಮಾಡಿದೆವು. ಎರಡೋ ಮೂರೋ ಕೂಡಿದವು, ಉಳಿದವು ಕೂಡಲಿಲ್ಲ. "ಹೆಜ್ಜೆ ಎಷ್ಟು ದೂರಕ್ಕೆ ಬೀಳುತ್ತಿತ್ತು ಅಂತ ಗೊತ್ತಾದರೆ..." ಎಂದು ಇವರು ಅರ್ಧಕ್ಕೆ ನಿಲ್ಲಿಸಿ, ಕೈ ತೊಳೆಯಲು ಒಳಗೆ ಹೋದರು. ನಲ್ಲಿ ಬಹಳ ಹೊತ್ತು ಹರಿಯಿತು. ಕಾರು ಮರದ ಕೆಳಗೇ ಇತ್ತು.

ಹೆಜ್ಜೆಯ ದೂರ ತಾನೇ? ಬಾಗಿಲ ಹಿಂದಿನಿಂದ ವಾಕರ್ ತಂದೆ. ಹೊಸ್ತಿಲಲ್ಲಿ ನಿಂತು, ಅತ್ತೆಯ ಎತ್ತರಕ್ಕೆ ಬೆನ್ನು ಬಗ್ಗಿಸಿ, ಅವರ ಹಾಗೆಯೇ ಎಡಗಾಲು ಎಳೆದು ಹೊರಟೆ. ಬರಿಯ ಕೊಳವೆ ಎಲ್ಲಿ ಊರುತ್ತದೋ ಅಲ್ಲಿ ಗೀರು ಇರಬೇಕು, ಇಲ್ಲದಿದ್ದರೆ ಚೌಕ ತಪ್ಪು. ಟಕ್, ಸರ್ರ್. ಟಕ್, ಸರ್ರ್. ಒಂದೆರಡು ಕಡೆ ಸರಿಯಾಗಿಯೇ ಊರಿತು. ಆಗ ಒಳಗೆ ನಲ್ಲಿಯ ನೀರು ಗಕ್ಕನೆ ನಿಂತಿತು. ಇವರು ಬಾಗಿಲಿಗೆ ಬರಲಿಲ್ಲ. ನಾನು ನಿಲ್ಲಿಸದೆ ಕಡೆಯುವ ಕಲ್ಲಿನವರೆಗೆ ಹೋದೆ. ಅಲ್ಲಿ ಮುಟ್ಟುವಾಗ ನಿಜವಾಗಿಯೂ ಬೆವರಿತ್ತು, ಅಲ್ಲಿಯೂ ಸೆಕೆಯೇ. ಕುರ್ಚಿಯಲ್ಲಿ ಕೂತುಬಿಟ್ಟೆ.

ಎದುರು ನೋಡಿದರೆ ಶೆಡ್ಡಿನ ಬಾಗಿಲಲ್ಲಿ ಜುಲಿಯಾನಾ ಬಾಯಿ, ಒದ್ದೆ ಕೊಡೆ ಹಿಡಿದು, ಕಣ್ಣು ದೊಡ್ಡದು ಮಾಡಿ ನಿಂತಿದ್ದಾರೆ. "ನೀವಾ? ಅಬ್ಬಾ, ಆಚೆ ಶಬ್ದ ಕೇಳಿ ನನ್ನ ಜೀವವೇ ಹೋಯ್ತು ಮಾರಾಯ್ರೆ. ಅಮ್ಮನೇ ಹೊರಟರು ಅಂತ ಎಣಿಸಿದೆ."

ನಾನು ಎದ್ದು ವಾಕರನ್ನು ಅವರ ಕಡೆಗೆ ನೂಕಿದೆ. ಹಿಡಿ ಬಿಡಲು ಸ್ವಲ್ಪ ತಡವಾಯಿತು, ಅವರು ಮೆಲ್ಲಗೆ ಎಳೆದುಕೊಂಡರು. "ಒಂದು ಕಾಲಿಗೆ ರಬ್ಬರಿಲ್ಲ ಬಾಯಿ" ಎಂದೆ. "ಹೊಸತು ಮನೆಯಲ್ಲಿ ಉಂಟು, ಹಾಕಿಕೊಡುತ್ತೇನೆ."

ರಬ್ಬರು ಹಾಕಿಸಿಕೊಂಡು, ವಾಕರನ್ನು ಮಡಚಿ ಕಂಕುಳಲ್ಲಿ ಇಟ್ಟು, ಬಾಯಿ ಕೊಡೆ ಬಿಡಿಸಿದರು. ಹೋಗುತ್ತಾ ಒಮ್ಮೆ ನೆಲವನ್ನೂ ಒಮ್ಮೆ ನನ್ನನ್ನೂ ನೋಡಿ ಹೇಳಿದರು:

"ಅಣ್ಣ ಎದ್ದು ನಡೆದ ಕೂಡಲೇ ವಾಪಸ್ ತಂದು ಕೊಡ್ತೇನೆ ಶೋಭಕ್ಕ. ಮುಂದೆ ನಿಮಗೂ ಬೇಕಾದೀತು, ಹೇಗೂ ಅಭ್ಯಾಸ ಆಗಿದೆಯಲ್ಲ, ನೆಲವೂ ಗಟ್ಟಿ ಉಂಟು."