ವಿಭೂತಿ ಹಚ್ಚಿಕೊಂಡು ವೈನ್ ಬಾರಿಗೆ

ನಮ್ಮ ಭಾವನವರು ಹತ್ತಿ ಇಳಿದಷ್ಟು ಬಾರಿನ ಮೆಟ್ಟಿಲುಗಳನ್ನು ನಮ್ಮ ಭಾಗದಲ್ಲಿ ಇನ್ನೊಬ್ಬರು ಹತ್ತಿರಲಿಕ್ಕಿಲ್ಲ. ಅಥಣಿ, ಕಾಗವಾಡ, ರಾಯಬಾಗ, ನಿಪ್ಪಾಣಿ, ಚಿಕ್ಕೋಡಿ, ಯಾವ ಊರಿನದನ್ನು ಬೇಕಾದರೂ ಕೇಳಿ, ಫ್ಯಾನು ಯಾವ ಮೂಲೆಯಲ್ಲಿದೆ ಎಂಬುದನ್ನೂ ಹೇಳುತ್ತಿದ್ದರು. ಆಗಲೇ ಮೂಗು ಮುರಿದಿರಾ? ಸ್ವಲ್ಪ ತಡೆಯಿರಿ! ಅವರು ಹೋಗುತ್ತಿದ್ದುದು ಸ್ನಾನ, ಲಿಂಗಪೂಜೆ ಮುಗಿಸಿ, ಹಣೆಗೆ ಮೂರು ಬೆರಳು ವಿಭೂತಿ ಎಳೆದುಕೊಂಡು, ಹೆಗಲ ಮೇಲೆ ಒಗೆದ ಟವೆಲ್ಲು ಹಾಕಿಕೊಂಡು. ಮಠದಿಂದ ದೇಣಿಗೆ ಎತ್ತಲು ಬಂದವರೆಂದು ತಿಳಿದು ಬಾರಿನವರು ಎದ್ದು ನಿಂತು ಕೈಮುಗಿದದ್ದೂ ಉಂಟು!

ಭಾವನವರೆಂದರೆ ನನ್ನ ಯಜಮಾನರ ಅಣ್ಣ. ಮದುವೆಯಾಗದೇ ಉಳಿದವರು. ಸತ್ತಿ ಊರಿಗೆ ಹೋಗುವ ರಸ್ತೆಯ ನಮ್ಮ ದ್ರಾಕ್ಷಿ ತೋಟವೇ ಅವರ ಸಂಸಾರ. ಅವರಿಗೊಂದು ಖೋಡಿ ಚಟವಿತ್ತು. ಯಾವುದನ್ನೂ ಬಾಯಿಗಿಟ್ಟು ನೋಡದೆ ನಂಬುತ್ತಿರಲಿಲ್ಲ. ಹೊಸ ಹಿಂಡಿ ತಂದರೆ ಎಮ್ಮೆಗಿಂತ ಮೊದಲು ತಾವು ಒಂದು ಮುಕ್ಕು ಮುಕ್ಕುವರು. ಹೊಲ ನೋಡಲು ಹೋದರೆ ಮಣ್ಣು ನೆಕ್ಕುವರು. ಒಮ್ಮೆ ಯೂರಿಯಾದ ಹರಳನ್ನೂ ನಾಲಿಗೆಗೆ ತಾಗಿಸಿದ್ದರಂತೆ! ಅತ್ತೆಯವರು, “ಹುಳಕ್ಕ ಹೊಡಿಯೂ ಔಷಧ ತಂದಾಗ ಮಾತ್ರ ಇವನ ಬಾಯಿ ಕಟ್ಟರೆವಾ,” ಎನ್ನುತ್ತಿದ್ದರು.

ಎಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಮಹಾರಾಷ್ಟ್ರದ ಕಡೆಯ ವ್ಯಾಪಾರಿಯೊಬ್ಬ ಬಂದು, ಇನ್ನು ಮುಂದೆ ವೈನ್ ಮಾಡುವ ದ್ರಾಕ್ಷಿಗೇ ಕಾಲ, ಹಳೆಯ ಬಳ್ಳಿ ಕಿತ್ತು ಅದನ್ನು ಹಚ್ಚಿರಿ ಎಂದು ಹೇಳಿ ಹೋಗಿದ್ದ. ಭಾವನವರು ಅವನಿಗೆ ಚಹಾ ಕುಡಿಸಿ ಕಳಿಸಿದರು. ಕೆಲವು ತಿಂಗಳು ಆ ಮಾತನ್ನೇ ಎತ್ತಲಿಲ್ಲ. ಆಮೇಲೆ ಒಂದು ದಿನ ರೊಟ್ಟಿ ಮುರಿಯುತ್ತ, ಇದ್ದಕ್ಕಿದ್ದಂತೆ ಹೇಳಿದರು.

“ತಂಗೀ, ನಾ ವೈನ್ ಕಲಿಯಾಕ ಹೊಂಟೀನಿ.”

ನನ್ನ ಕೈಯಲ್ಲಿದ್ದ ಪಲ್ಯದ ಸೌಟು ಅಲ್ಲೇ ನಿಂತಿತು.

ನಿಲ್ಲದೆ ಏನು ಮಾಡೀತು? ಮನೆಯಲ್ಲಿ ಅದೇ ದುಃಖ ಒಲೆಯ ಮುಂದೆ ಕುಳಿತಿತ್ತು. ನನ್ನ ಯಜಮಾನರು ದ್ರಾಕ್ಷಿಗೆ ಹೊಡೆಯುವ ಔಷಧ, ಪಂಪು ಮಾರಲು ಮೋಟಾರು ಸೈಕಲ್ ಮೇಲೆ ಈ ಐದೂರು ತಿರುಗುತ್ತಿದ್ದರು. ತಿರುಗುತ್ತ ತಿರುಗುತ್ತ ಗೆಳೆಯರಾದರು, ಗೆಳೆಯರಿಂದ ಬಾರಾಯಿತು. ಬಾಯಲ್ಲಿ ಏಲಕ್ಕಿ ಹಾಕಿಕೊಂಡು ಮನೆಗೆ ಬಂದರೆ ಹೆಂಡತಿಗೆ ತಿಳಿಯುವುದಿಲ್ಲವೇ? ನಮ್ಮ ಮನೆಯಲ್ಲಿ ಪಾಯಸಕ್ಕೂ ಅಷ್ಟು ಏಲಕ್ಕಿ ಖರ್ಚಾಗುತ್ತಿರಲಿಲ್ಲ! ನಾನು ಯಾರ ಮುಂದೆಯೂ ಬಾಯಿ ಬಿಡಲಿಲ್ಲ. ದೇವರ ಮುಂದೆ ದೀಪ ಹಚ್ಚಿ, “ಇವರು ಇದರಾಗ ಮುಳುಗದಂಗ ನೋಡಪಾ,” ಎಂದಷ್ಟೇ ಕೇಳಿಕೊಳ್ಳುತ್ತಿದ್ದೆ. ಆ ದೇವರು ನೋಡಿದರೆ ಇನ್ನೊಬ್ಬರನ್ನೂ ಬಾರಿಗೆ ಕಳಿಸಲು ಹೊರಟಿದ್ದಾನೆ!

“ಭಾವಾರ, ನೀವೂ ಹಿಂಗ ಮಾಡಿದ್ರ ಮನ್ಯಾಗ ಸಣ್ಣಾವ್ರು ಏನ ಕಲೀಬೇಕ್ರಿ?” ಎಂದೆ, ಸೆರಗು ಸರಿಮಾಡಿಕೊಂಡು.

“ಕಲೀಲಿ ತಂಗಿ, ಕಲೀಲಿ,” ಎಂದು ನಕ್ಕು ಕೈತೊಳೆದರು.

ಮೊದಲ ಪಾಠ ಅಥಣಿಯಲ್ಲಾಯಿತು. ಬಂದ ಮೇಲೆ ಅತ್ತೆಯವರ ಮುಂದೆ ಎಲ್ಲವನ್ನೂ ಕಥೆ ಮಾಡಿ ಹೇಳುವುದು ಅವರ ಪದ್ಧತಿ. ಬೋರ್ಡಿನ ಮೇಲೆ ದೊಡ್ಡದಾಗಿ ವೈನ್ಸ್ ಎಂದು ಬರೆದಿತ್ತಂತೆ. ಒಳಗೆ ಹೋಗಿ ವೈನ್ ಕೇಳಿದರೆ ಮಾಲೀಕ ತಲೆ ಕೆರೆದುಕೊಂಡ.

“ವೈನ್ ಇಲ್ರಿ ಯಜಮಾನ್ರ. ಬ್ರಾಂಡಿ ಐತಿ, ರಮ್ ಐತಿ.”

“ಹೊರಗ ಬರದೀಯಲ್ಲೋ?”

“ಅದು ಬರೇ ಹೆಸರ್ರಿ.”

“ಕಿರಾಣಿ ಅಂಗಡ್ಯಾಗ ಬೆಲ್ಲ ಇಲ್ಲಂದ್ರ ಹೆಂಗಪಾ? ನಾ ಕುಂತಿರ್ತೀನಿ, ಹುಡುಕು.”

ಕುಳಿತೇ ಬಿಟ್ಟರು. ವಿಭೂತಿ ಧರಿಸಿದ ಮನುಷ್ಯ ಬಾಗಿಲಿಗೆ ಮುಖ ಮಾಡಿ ಕುಳಿತರೆ ಗಿರಾಕಿ ಒಳಗೆ ಬಂದಾನೆಯೇ? ಬಂದವರೆಲ್ಲ ವಿಳಾಸ ತಪ್ಪಿದವರ ಹಾಗೆ ತಿರುಗಿ ಹೋಗತೊಡಗಿದರು. ಮಾಲೀಕ ಗಾಬರಿಯಾಗಿ ಕಪಾಟಿನ ಹಿಂದಿನಿಂದ ಧೂಳು ಹಿಡಿದ ಗೋವಾದ ಸಿಹಿ ವೈನಿನ ಬಾಟಲಿಯೊಂದನ್ನು ಹೊರಗೆ ತೆಗೆದ. ಭಾವನವರು ಗ್ಲಾಸು ಬೇಡವೆಂದು ಬಲಗೈ ಚಾಚಿದರು. ಆತ ಅಂಗೈಗೆ ಸುರಿದ. ಹುಟ್ಟಿದಾಗಿನಿಂದ ಆ ಕೈಗೆ ಗೊತ್ತಿದ್ದುದು ಒಂದೇ ಕೆಲಸ. ಕಣ್ಣು ಮುಚ್ಚಿ ಸುರ್ ಎಂದು ಹೀರಿ, ಉಳಿದದ್ದನ್ನು ತೀರ್ಥದ ಹಾಗೆ ತಲೆಗೆ ಸವರಿಕೊಂಡುಬಿಟ್ಟರು!

ಮನೆಗೆ ಬಂದಾಗ ಅತ್ತೆಯವರು ಮೂಗೇರಿಸಿ ಕೇಳಿದರು, “ತಲೀಗೆ ಯಾವ ಎಣ್ಣಿ ಹಚ್ಚೀಯೋ? ನೊಣ ಮುಕರಾಕತ್ತಾವ!”

ಮುಂದೆ ನಿಪ್ಪಾಣಿ. ವೈನನ್ನು ಮೊದಲು ಮೂಸಿ ನೋಡಬೇಕು, ಆಮೇಲೆ ಕುಡಿಯಬೇಕು ಎಂದು ಯಾರೋ ಅವರಿಗೆ ಹೇಳಿದ್ದರು. ತಂಬಾಕಿನ ಊರಿನಲ್ಲಿ, ಅದೂ ತಂಬಾಕು ತುಂಬಿಡುವ ವಖಾರಿಯ ಪಕ್ಕದ ಬಾರಿನಲ್ಲಿ ಕುಳಿತು ಯಾವುದನ್ನಾದರೂ ಮೂಸುವುದು ಸಾಧ್ಯವೇ? ಗ್ಲಾಸಿನ ಹತ್ತಿರ ಮೂಗು ಒಯ್ದದ್ದೇ ತಡ, ಸೀನು! ವೈನೆಲ್ಲ ಎದುರು ಕುಳಿತಿದ್ದವನ ಬಿಳಿ ಅಂಗಿಯ ಮೇಲೆ. ಆತ ಮರಾಠಿಯಲ್ಲಿ ಶುರು ಮಾಡಿದವನು ನಡುವೆ ಕನ್ನಡಕ್ಕೆ ಬಂದು, ಮತ್ತೆ ಮರಾಠಿಯಲ್ಲೇ ಮುಗಿಸಿದನಂತೆ. “ಎರಡೂ ಭಾಷೆದಾಗ ಬೈಸಿಕೊಂಡ ಬಂದೆ ತಂಗಿ, ಮರಾಠ್ಯಾಗ ಒಂಚೂರು ಮರ್ಯಾದಿ ಇತ್ತು,” ಎಂದರು.

ರಾಯಬಾಗದಲ್ಲಿ ಒಂದು ಗುಟುಕು ನಾಲಿಗೆಯ ಮೇಲೆ ಇಟ್ಟುಕೊಂಡವರೇ, “ಏ, ಇದು ನಮ್ಮ ವೈದ್ಯರು ಕೊಡೋ ದ್ರಾಕ್ಷಾಸವ!” ಎಂದು ಕೂಗಿದರಂತೆ. ಬಾರಿನವನನ್ನು ಕರೆದು ಒಂದು ಚಮಚ ತರಿಸಿ, “ಊಟಕ್ಕಿಂತ ಮೊದಲ ಎರಡೋ, ಆಮ್ಯಾಲೆ ಎರಡೋ?” ಎಂದು ಕೇಳಿದರು. ಆತ, “ಇಲ್ಲೆ ಯಾರೂ ಊಟದ ಲೆಕ್ಕಾ ಹಿಡಿಯೂದಿಲ್ರಿ,” ಎಂದ. ಕಾಗವಾಡದಲ್ಲಿ ಮಾತ್ರ ಪೂರ್ತಿ ಸಾಯಂಕಾಲ ಕುಳಿತು ಬಂದರು. ಅಲ್ಲಿ ವೈನೇ ಸಿಗಲಿಲ್ಲವಂತೆ. ಸಿಗದಿದ್ದರೆ ಅಷ್ಟು ಹೊತ್ತು ಏನು ಮಾಡಿದಿರಿ ಎಂದರೆ, “ಹಾದಿ ಕಾದೆ,” ಎಂದರು. ವೈನಿನ ಹಾದಿ ಎಂದುಕೊಂಡು ನಾನು ಹಣೆ ಚಚ್ಚಿಕೊಂಡೆ.

ಇವರ ಈ ವಿದ್ಯಾಭ್ಯಾಸಕ್ಕೆ ನಾನೇ ಸಾಕ್ಷಿಯಾದದ್ದು ಚಿಕ್ಕೋಡಿಯಲ್ಲಿ. ಅತ್ತೆಯವರ ಕಣ್ಣು ತೋರಿಸುವುದಿತ್ತು. ಹಲವು ವಾರಗಳಿಂದ ಮುಂದೆ ಹಾಕುತ್ತಿದ್ದ ಭಾವನವರು ಆ ದಿನ ಬೆಳಿಗ್ಗೆ ಒಮ್ಮೆಲೇ, “ನಡೀರಿ, ಇವತ್ತ ಹೋಗೂಣು,” ಎಂದರು. ಡಾಕ್ಟರು ಅತ್ತೆಯವರ ಕಣ್ಣಿಗೆ ಔಷಧ ಬಿಟ್ಟು, ಸಂಜೆಯತನಕ ಮಬ್ಬು ಕಾಣುತ್ತದೆ ಎಂದರು. ಹೊರಗೆ ಬಿರುಬಿಸಿಲು. “ಐದ ನಿಮಿಷ ನೆರಳಾಗ ಕುಂದರೂಣು,” ಎಂದು ಭಾವನವರು ನಮ್ಮನ್ನು ಒಂದು ಕಟ್ಟಡದೊಳಗೆ ನಡೆಸಿದರು. ಮೇಲೆ ಫ್ಯಾಮಿಲಿ ರೂಮ್ ಎಂದು ಬರೆದಿತ್ತು. ಒಳಗೆ ಕುಳಿತ ಮೇಲೆಯೇ ನನಗೆ ವಾಸನೆ ಬಡಿದದ್ದು. ಶಿವಶಿವಾ! ಸೊಸೆಯಾಗಿ ಬಂದವಳು ಅತ್ತೆಯನ್ನು ಕರೆದುಕೊಂಡು ಬಾರಿನಲ್ಲಿ ಕುಳಿತಿದ್ದೇನೆ!

ಅತ್ತೆಯವರಿಗೆ ಮಾತ್ರ ಪರಮಾನಂದ. “ಖಾನಾವಳಿ ಎಷ್ಟ ತಂಪೈತ್ಯೋ! ಗ್ವಾಡಿ ಮ್ಯಾಲೆ ಯಾವ ದೇವಿನೋ ಅಕಿ?” ಎಂದವರೇ, ಕ್ಯಾಲೆಂಡರಿನಲ್ಲಿ ಈಜಲು ಹೊರಟು ನಿಂತಿದ್ದ ಹುಡುಗಿಗೆ ಭಕ್ತಿಯಿಂದ ಕೈಮುಗಿದರು.

“ಯಾವಾಕಿ ಇದ್ರೇನ, ಎಲ್ಲಾರೂ ತಾಯಂದ್ರ ಬೇ,” ಎಂದರು ಭಾವನವರು, ನಗದೆ.

ನಮಗೆ ಲಿಂಬು ಸೋಡಾ ಬಂತು, ಅವರಿಗೆ ಕೆಂಪು ವೈನು. ಅದನ್ನು ಕೋಕಮ್ ಶರಬತ್ತೆಂದು ತಿಳಿದ ಅತ್ತೆಯವರು, “ನನಗೂ ಒಂದ ಗುಟುಕ ಕೊಡೋ,” ಎಂದು ಕೈ ಚಾಚಿದರು. “ನಿನ್ನ ಕಣ್ಣಿಗೆ ಆಗೂದಿಲ್ಲ,” ಎಂದು ಭಾವನವರು ಗ್ಲಾಸು ದೂರ ಸರಿಸಿದರು.

ಅಷ್ಟರಲ್ಲಿ ಹೊರಗೆ ಮೋಟಾರು ಸೈಕಲ್ ನಿಂತ ಸದ್ದು. ನನಗೆ ಪರಿಚಿತ ಸದ್ದು. ಪರದೆಯ ಆಚೆ ನನ್ನ ಯಜಮಾನರ ದನಿ, ಅವರ ಗೆಳೆಯರ ನಗು. ಬಾರಿನವನು ಮೆಲ್ಲಗೆ ಹೇಳುವುದು ಕೇಳಿಸಿತು.

“ಸಾಹೇಬ್ರ, ನಿಮ್ಮ ಅಣ್ಣಾರು ಒಳಗ ಕುಂತಾರ್ರಿ.”

ಪರದೆಯ ಆಚೆ ಒಬ್ಬ ಗೆಳೆಯ ರೇಗಿದ. “ಇಲ್ಲೂ ಅದಾನೇನಲೇ ನಿಮ್ಮಣ್ಣ? ಅಥಣ್ಯಾಗ ಅವನ, ಕಾಗವಾಡದಾಗ ಅವನ! ನಿನ್ನ ಕೂಡ ಬಂದ್ರ ಒಣಾ ಗಂಟಲಿಂದನ ತಿರುಗಿ ಹೋಗೂದಾತು.”

“ದನೀ ತಗ್ಗಸಲೇ. ನಡೀರಿ, ಹೋಗೂಣು,” ಎಂದರು ನನ್ನ ಯಜಮಾನರು, ಶಾಲೆಯ ಹುಡುಗನ ಹಾಗೆ. ಗಾಡಿ ಸದ್ದು ಮಾಡುತ್ತ ದೂರವಾಯಿತು.

ನಮ್ಮ ಕಡೆ ತಮ್ಮನಾದವನು ಅಣ್ಣನ ಎದುರು ಕಾಲ ಮೇಲೆ ಕಾಲು ಹಾಕುವುದಿಲ್ಲ, ಎಲೆ ಅಡಿಕೆಯನ್ನೂ ಬಾಯಿಗಿಡುವುದಿಲ್ಲ. ಅಣ್ಣ ಕುಳಿತಿರುವ ಬಾರಿನಲ್ಲಿ ಗ್ಲಾಸು ಹಿಡಿಯುವುದಂತೂ ದೂರವೇ ಉಳಿಯಿತು. ತಮ್ಮ ಬೆಳಿಗ್ಗೆ ಯಾವ ಊರ ಹೆಸರು ಹೇಳಿ ಹೊರಡುತ್ತಾನೋ, ಅಣ್ಣನಿಗೆ ಅಂದೇ ಅದೇ ಊರಿನಲ್ಲಿ ವೈನ್ ಕಲಿಯುವ ಹುಕಿ ಬರುತ್ತಿತ್ತು! ನಾನು ಯಾರಿಗೂ ಹೇಳದ್ದನ್ನು ಅವರು ಎಂದೋ ತಿಳಿದಿದ್ದರು. ಬೈಯಲಿಲ್ಲ, ಪಂಚಾಯಿತಿ ಸೇರಿಸಲಿಲ್ಲ. ಒಂದೊಂದೇ ಬಾರಿನಲ್ಲಿ ಹೋಗಿ ಕುಳಿತರು, ಅಷ್ಟೇ. ಲಿಂಗಪೂಜೆ ತಪ್ಪಿಸದ ಆ ಮನುಷ್ಯ, ಜನ ಏನೆಂದಾರು ಎಂಬುದನ್ನೂ ಲೆಕ್ಕಿಸದೆ ಆ ನೀರು ಬಾಯಿಗೆ ಮುಟ್ಟಿಸಿಕೊಂಡರು. ಹೀಗೆ ಹೋಗಿ ಬಂದ ದಿನವೆಲ್ಲ ಅವರು ರಾತ್ರಿ ಊಟ ಮಾಡುತ್ತಿರಲಿಲ್ಲ. ಹೊಟ್ಟೆ ಭಾರ ಎನ್ನುತ್ತಿದ್ದರು. ನಾನು ದಡ್ಡಿ, ಆ ಪ್ರಾಯಶ್ಚಿತ್ತದ ಉಪವಾಸವನ್ನೂ ಕುಡಿತದ ಖಾತೆಗೇ ಹಾಕಿದ್ದೆ.

ನಾನು ಅವರ ಮುಖ ನೋಡಿದೆ. ಅವರು ಗ್ಲಾಸು ನೋಡುತ್ತ, “ಇದು ಸ್ವಲ್ಪ ಹುಳಿ ಐತಿ,” ಎಂದರು.

ಆ ಒಂದೇ ದಿನಕ್ಕೆ ನನ್ನ ಯಜಮಾನರು ಎಲ್ಲ ಬಿಟ್ಟರೆಂದರೆ ಸುಳ್ಳಾದೀತು. ನಡುವೆ ಜಾರಿದ ದಿನಗಳೂ ಇದ್ದವು. ಆದರೆ ಗೆಳೆಯರು ಬೇಸತ್ತು ಕರೆಯುವುದನ್ನು ಬಿಟ್ಟರು, ಇವರಿಗೂ ಬಾರಿನ ಪರದೆ ಕಂಡರೆ ಹಿಂದೆ ಅಣ್ಣ ಇದ್ದಾರೆಂಬ ಅಂಜಿಕೆ ಹತ್ತಿತು. ಮೆಲ್ಲಮೆಲ್ಲಗೆ ಬಿಟ್ಟೇ ಹೋಯಿತು. ತೋಟದ ಬಳ್ಳಿ ಹಳೆಯದೇ ಉಳಿಯಿತು. ಅಣ್ಣ ತಮ್ಮ ಈ ಬಗ್ಗೆ ಒಂದು ಮಾತನ್ನೂ ಆಡಿದ್ದು ನಾನು ಕೇಳಿಲ್ಲ. ದೇವರು ನನ್ನ ಬೇಡಿಕೆಗೆ ಕಿವುಡಾಗಿದ್ದಾನೆಂದು ಕೊರಗಿದ್ದೆನಲ್ಲ, ಆತ ನನ್ನ ಮನೆಯ ಪಡಸಾಲೆಯಲ್ಲೇ ಒಬ್ಬರನ್ನು ಕೆಲಸಕ್ಕೆ ಹಚ್ಚಿದ್ದ.

ಚಿಕ್ಕೋಡಿಯಿಂದ ಬಂದ ಆ ಸಂಜೆ ನನ್ನ ಯಜಮಾನರು ನಮಗಿಂತ ಮೊದಲೇ ಮನೆಯಲ್ಲಿದ್ದರು. ಹಿತ್ತಲಲ್ಲಿ ಎಮ್ಮೆಗೆ ನೀರು ಕುಡಿಸುತ್ತಿದ್ದರು. ನಾನು ಮುಖ ತೊಳೆದು, ದೇವರಿಗೆ ಕೈಮುಗಿದು ಬಂದವಳೇ ಪಡಸಾಲೆಯ ಹೊಸ್ತಿಲಿಗೆ ಹಣೆ ಹಚ್ಚಿ ನಮಸ್ಕಾರ ಮಾಡಿದೆ. ಎದುರಿಗೆ ಭಾವನವರು ಕಂಬಕ್ಕೆ ಒರಗಿ ಕುಳಿತಿದ್ದರು. ಕಾಲು ಹಿಂದಕ್ಕೆಳೆದುಕೊಂಡರು.

“ಏನ ತಂಗಿ, ಇವತ್ತೇನ ಹಬ್ಬ?”

“ಏನಿಲ್ರಿ ಭಾವಾರ,” ಎಂದೆ. “ಹೊತ್ತ ಮುಳುಗೂದ್ರಾಗ ಎಲ್ಲಾರೂ ಮನ್ಯಾಗ ಅದೀರಲ್ಲ, ಅದಕ್ಕ.”