ಲ್ಯಾಪ್‌ಟಾಪಿಗೊಂದು ಟ್ರಾಯಲ್

ನಮ್ಮ ಅತ್ತೆಯ ಮನೆಯಲ್ಲಿ ಯಾವ ವಸ್ತುವಿಗೂ ಸಾಯಲು ಪರವಾನಗಿ ಇಲ್ಲ. ಮಿಕ್ಸರ್‌ಗೆ ಇದು ಮೂರನೆಯ ಮೋಟರು, ಕೊಡೆಗೆ ನಾಲ್ಕನೆಯ ಬಟ್ಟೆ, ಅದೂ ಯಾರದೋ ಬ್ಲೌಸಿನ ಅಸ್ತರು! ಮಾವನವರು ಭೋಸರಿಯ ಕಾರ್ಖಾನೆಯಿಂದ ನಿವೃತ್ತರಾದಾಗ ಇನ್ನು ಪೇಪರ್ ಓದುತ್ತ ಕೂರೋಣ ಎಂದುಕೊಂಡಿದ್ದರಂತೆ. ಮುಂದಿನ ಸೋಮವಾರವೇ ಅವರನ್ನು ಕಾಜಾ-ಗುಂಡಿ ವಿಭಾಗಕ್ಕೆ ನೇಮಿಸಲಾಯಿತು.

ಅತ್ತೆ ಎಂದರೆ ನನ್ನ ಹೆಂಡತಿಯ ಸೋದರತ್ತೆ. ಕಲಬುರಗಿ ಕಡೆಯವರು. ಪುಣೆಯ ಬಿಬವೇವಾಡಿಯಲ್ಲಿ ಮನೆಯ ಮುಂದಿನ ಕೋಣೆಯೇ ಅವರ ಬ್ಲೌಸ್ ಹೊಲಿಯುವ ಅಂಗಡಿ. ಆ ಹೊಲಿಗೆ ಯಂತ್ರ ನಿಂತದ್ದನ್ನು ನಾನು ಕಂಡವನಲ್ಲ. ನನ್ನ ಮದುವೆಯ ಮಾತುಕತೆ ನಡೆದದ್ದೂ ಅದರ ಗಡಗಡದ ನಡುವೆಯೇ. ನಿಮ್ಮ ಊರು ಯಾವುದೆಂದು ಮೂರು ಸಲ ಕೇಳಿದರು, ಮೂರು ಸಲವೂ ತುಮಕೂರು ಎಂದೆ. ಅವರ ಪಾಲಿಗೆ ನಾನು ಇಂದಿಗೂ ಬೆಂಗಳೂರಿನವನು.

ಅವರದೊಂದು ಕಟ್ಟುನಿಟ್ಟಿನ ನಿಯಮವಿದೆ. ಟ್ರಾಯಲ್ ಆಗದೆ ಒಂದು ಬ್ಲೌಸೂ ಹೊಸ್ತಿಲು ದಾಟುವಂತಿಲ್ಲ. ಒಮ್ಮೆ ಮದುಮಗಳೊಬ್ಬಳು ಅವಸರದಲ್ಲಿ ಪೊಟ್ಟಣ ಎತ್ತಿಕೊಂಡು ರಿಕ್ಷಾ ಹತ್ತಿಬಿಟ್ಟಳು. ಅತ್ತೆ ರಿಕ್ಷಾದ ಮುಂದೆ ನಿಂತು ಅವಳನ್ನು ಇಳಿಸಿ ಒಳಗೆ ಕರೆತಂದರು. ಬ್ಲೌಸ್ ತೊಡಿಸಿ, ಕೈ ಮೇಲೆತ್ತಿಸಿ, ಕೆಳಗಿಳಿಸಿ, ಎಲ್ಲರಿಗೂ ಕೇಳುವ ಪ್ರಶ್ನೆ ಕೇಳಿದರು: "ಎಲ್ಲ್ಯರ ಬಿಗಿ ಆತೇನವಾ?" ಇಲ್ಲ ಎಂದ ಮೇಲಷ್ಟೇ, "ಹಂಗಾರ ಒಯ್ಯಿ" ಎಂಬ ಅಪ್ಪಣೆ. ಹೊರಗೆ ರಿಕ್ಷಾದವನು ಮೀಟರ್ ಹಾಕಿಕೊಂಡೇ ಕೂತಿದ್ದ.

ಇಂಥವರ ಕೈಗೆ ನನ್ನ ಲ್ಯಾಪ್‌ಟಾಪ್ ಸಿಕ್ಕಿಬಿದ್ದದ್ದು ನನ್ನ ಕೆಲಸ ಹೋದಾಗ. ಹದಿನೆಂಟು ವರ್ಷ ಸಾಫ್ಟ್‌ವೇರ್ ಬರೆದ ನನಗೆ, ನಲವತ್ತಾರನೇ ವಯಸ್ಸಿನಲ್ಲಿ, ಕಂಪನಿ ನಯವಾದ ಭಾಷೆಯಲ್ಲಿ ಮನೆಯ ದಾರಿ ತೋರಿಸಿತು. ಆಫೀಸಿನ ಲ್ಯಾಪ್‌ಟಾಪ್ ವಾಪಸ್ ಹೋಯಿತು. ವಾಕಡದ ನಮ್ಮ ಫ್ಲ್ಯಾಟಿನಲ್ಲಿ ಉಳಿದದ್ದು ಒಂಬತ್ತು ವರ್ಷದ ಹಳೆಯದು. ಗುಂಡಿ ಒತ್ತಿ ಹೋಗಿ ಸ್ನಾನ ಮುಗಿಸಿ ಬಂದರೂ ಅದು ಇನ್ನೂ ಕಣ್ಣುಜ್ಜುತ್ತಿರುತ್ತಿತ್ತು! ಇನ್ನೆಂಟು ದಿನಕ್ಕೆ ವಿಡಿಯೋದಲ್ಲಿ ಸಂದರ್ಶನ. ಮೂರು ತಿಂಗಳಲ್ಲಿ ನನ್ನನ್ನು ಕರೆದ ಕಂಪನಿ ಅದೊಂದೇ. ವಿಷಯ ತಿಳಿದು ಅತ್ತೆ ನಮ್ಮ ಮನೆಗೆ ಬಂದರು.

"ಹೊಸದು ತಗೊಳ್ಳೋದು, ಇನ್ನೇನು ಮಾಡೋದು ಅತ್ತೆ," ಎಂದೆ.

"ಯಾಕ್ರಿ ಅಳಿಯಂದ್ರ? ಬಿಚ್ಚಿ ನೋಡೀರೇನು?"

ನಾನು ಬಿಚ್ಚಿರಲಿಲ್ಲ. ಹದಿನೆಂಟು ವರ್ಷದಲ್ಲಿ ಒಂದು ಲ್ಯಾಪ್‌ಟಾಪಿನ ಒಂದು ಸ್ಕ್ರೂ ಕೂಡ ಮುಟ್ಟಿದವನಲ್ಲ. ಅತ್ತೆ ಅಂದೇ ನನ್ನನ್ನು ಮಾರುಕಟ್ಟೆಯ ದುರಸ್ತಿ ಅಂಗಡಿಗೆ ಎಳೆದುಕೊಂಡು ಹೋದರು. ಅಂಗಡಿಯವನು ಯಂತ್ರವನ್ನು ತಿರುಗಿಸಿ ನೋಡಿ, "ಕಾಕೂ, ಜುನಾ ಆಹೆ. ನವೀನ್ ಘ್ಯಾ," ಎಂದ. ಹಳೆಯದಾಯಿತು ಚಿಕ್ಕಮ್ಮ, ಹೊಸದು ತಗೊಳ್ಳಿ! ಅವನು ಹೇಳಿದ್ದು ಲ್ಯಾಪ್‌ಟಾಪಿಗೆ, ಚುಚ್ಚಿದ್ದು ನನಗೆ.

"ಆಧೀ ಉಘಡೂನ್ ಬಘ್," ಎಂದರು ಅತ್ತೆ. ಮೊದಲು ಬಿಚ್ಚಿ ನೋಡು ಎಂದು.

ಅವನು ಸ್ಕ್ರೂಗಳನ್ನು ಒಂದು ಬಟ್ಟಲಿಗೆ ಸುರಿಯಲು ಹೋದ. ಅತ್ತೆ ತಡೆದರು. ಹಳೆಯ ಪೇಪರಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಯಾವ ಸ್ಕ್ರೂ ಎಲ್ಲಿಯದೋ ಅಲ್ಲೇ ಇಡಿಸಿದರು. ಬ್ಲೌಸಿನ ತುಂಡುಗಳನ್ನು ಅವರು ಜೋಡಿಸಿಡುವುದೇ ಹಾಗೆ. ಒಳಗಿನ ಫ್ಯಾನಿನಲ್ಲಿ ಧೂಳು ಹತ್ತಿಯಂತೆ ಕಟ್ಟಿಕೊಂಡಿತ್ತು. "ಇಷ್ಟು ನೂಲು ನನ್ನ ಮಷಿನ್ನಾಗೂ ಇಲ್ಲ," ಎಂದು, ಮಷಿನ್ ಒರೆಸುವ ಕುಂಚವನ್ನು ಕೈಚೀಲದಿಂದ ತೆಗೆದು ತಾವೇ ಶುರು ಹಚ್ಚಿಕೊಂಡರು. ಬೇಡ ಎನ್ನುವ ಧೈರ್ಯ ನಮ್ಮಿಬ್ಬರಲ್ಲಿ ಯಾರಿಗಿತ್ತು?

ಅಷ್ಟರಲ್ಲಿ ಅಂಗಡಿಯವನು, ರ‍್ಯಾಮ್ ಕೂರಿಸುವ ಎರಡು ಜಾಗಗಳಲ್ಲಿ ಒಂದು ಖಾಲಿಯೇ ಇದೆ, ಇನ್ನೊಂದು ಹಾಕಬಹುದು ಎಂದ. ಅತ್ತೆ ಕನ್ನಡಕ ಏರಿಸಿಕೊಂಡು ಬಗ್ಗಿದರು.

"ಕಂಡ್ರೇನ್ರಿ ಅಳಿಯಂದ್ರ? ಒಳಗ ಬಟ್ಟಿ ಬಿಟ್ಟಾರ."

"ಅಂದ್ರೆ?"

"ಚಲೋ ಟೇಲರ್ ಇದ್ದಾಂವ ಹೊಲಗಿ ಒಳಗ ಎರಡು ಬಟ್ಟು ಬಟ್ಟಿ ಬಿಟ್ಟಿರ್ತಾನ್ರಿ. ಮೈ ಬಂದ್ರ ಬಿಚ್ಚಿ ಬಿಡಬೇಕು. ಬ್ಲೌಸ್ ತಿಪ್ಪಿಗೆ ಒಗೀತಾರೇನು?"

ಒಂಬತ್ತು ವರ್ಷ ನನ್ನ ತೊಡೆಯ ಮೇಲೆ ಕೂತ ಯಂತ್ರದಲ್ಲಿ ಒಂದು ಜಾಗ ಖಾಲಿ ಇತ್ತು, ನನಗೆ ಗೊತ್ತೇ ಇರಲಿಲ್ಲ. ಹೊಸ ರ‍್ಯಾಮ್ ಬಂತು, ಗಿರಗಿರ ತಿರುಗುವ ಹಳೆಯ ಡಿಸ್ಕಿನ ಜಾಗಕ್ಕೆ ಅದಕ್ಕಿಂತ ಚುರುಕಾದ ಎಸ್‌ಎಸ್‌ಡಿ ಬಂತು, ಬ್ಯಾಟರಿಯೂ ಬದಲಾಯಿತು. ಕಳಚಿದ ಡಿಸ್ಕನ್ನು ಅಂಗಡಿಯವನು ಮೂಲೆಗೆ ಸರಿಸಿದಾಗ ಅತ್ತೆ ಕೈ ಚಾಚಿದರು. ಉಳಿದ ಬಟ್ಟೆ ಗಿರಾಕಿಗೆ ವಾಪಸ್, ಅದು ದಂಧೆಯ ಧರ್ಮವಂತೆ. ಅದೀಗ ನಮ್ಮ ಹಳೆಯ ಫೋಟೋಗಳನ್ನು ತುಂಬಿಕೊಂಡು, ಅತ್ತೆ ಹೊಲಿದ ಚೀಲದಲ್ಲಿ ಮಲಗಿದೆ. ಚೀಲಕ್ಕೆ ಬ್ಲೌಸಿನ ಮೂರು ಹುಕ್ಕುಗಳಿವೆ!

ಲ್ಯಾಪ್‌ಟಾಪನ್ನು ಎತ್ತಿಕೊಂಡು ಹೊರಟೆ. ಆದರೆ ನಿಯಮ ನಿಯಮವೇ.

"ಟ್ರಾಯಲ್ ಆಗಿಲ್ಲ. ಸಂದರ್ಶನ ನಮ್ಮ ಮನ್ಯಾಗ ಕೊಡ್ರಿ."

ಹೀಗೆ ನಾನು ಬಿಬವೇವಾಡಿಯ ಒಳಕೋಣೆಯಲ್ಲಿ, ಮೇಲೆ ಕೋಟು ತೊಟ್ಟು, ಕೆಳಗೆ ಮಾವನವರ ಪಂಚೆ ಉಟ್ಟು ಸಂದರ್ಶನಕ್ಕೆ ಕೂತೆ. ಕೆಲಸ ಸಿಕ್ಕಿತು, ಅದನ್ನು ಈಗಲೇ ಹೇಳಿಬಿಡುತ್ತೇನೆ. ಒತ್ತಿದ ಕೂಡಲೇ ಲ್ಯಾಪ್‌ಟಾಪ್ ಎದ್ದು ಕೂತಿತು. ತೆರೆಯ ಮೇಲಿನ ಮೂವರೂ ನನಗಿಂತ ಬಹಳ ಚಿಕ್ಕವರು. ಅವರಲ್ಲೊಬ್ಬಳು, "ಇಷ್ಟು ವರ್ಷ ಒಂದೇ ಥರದ ಕೆಲಸ ಮಾಡಿದ್ದೀರಿ, ಹೊಸದನ್ನು ಕಲಿಯೋಕಾಗುತ್ತಾ?" ಎಂದಳು. ನಾನು ಹೆದರಿ ಕಾಯುತ್ತಿದ್ದ ಪ್ರಶ್ನೆಯೇ ಅದು. ಏನು ತೋಚಿತೋ, ಖಾಲಿ ಜಾಗದ ಕಥೆ ಹೇಳಿದೆ. ಈಗ ಮಾತಾಡುತ್ತಿರುವುದು ಅದೇ ಲ್ಯಾಪ್‌ಟಾಪಿನಿಂದ ಎಂದೆ. ಅವಳು ನಕ್ಕಳು, ಆಮೇಲೆ ಏನೋ ಬರೆದುಕೊಂಡಳು.

ಮಾತು ಮುಗಿದ ಮೇಲೆ ಗಮನಕ್ಕೆ ಬಂತು, ಒಂದು ಗಂಟೆಯಿಂದ ಗಡಗಡ ಸದ್ದೇ ಇರಲಿಲ್ಲ. ಬಾಗಿಲು ತೆರೆದೆ. ಮದುವೆಯ ಕಾಲ, ಹೊಲಿಯಬೇಕಾದ ಬಟ್ಟೆಗಳ ರಾಶಿ. ನಾಲ್ವರು ಗಿರಾಕಿಗಳು ತುಟಿ ಬಿಚ್ಚದೆ ಕೂತಿದ್ದರು. ಮಾವನವರು ಕತ್ತರಿಯ ಸದ್ದಾದೀತೆಂದು ನೂಲನ್ನು ಹಲ್ಲಿನಲ್ಲಿ ಕಡಿಯುತ್ತಿದ್ದರು. ಅತ್ತೆ ಮಾತ್ರ ಯಂತ್ರದ ಮುಂದೆ, ಎರಡೂ ಕೈ ಮಡಿಲಲ್ಲಿಟ್ಟುಕೊಂಡು, ಏನೂ ಮಾಡದೆ ಕೂತಿದ್ದರು. ಅವರು ಸುಮ್ಮನೆ ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು. ಕೆಲಸ ಹೋದ ದಿನವೂ ಅಳದ ನನಗೆ ಆಗ ಅಳು ಬಂತು.

ಅವರು ಮುಖ ಎತ್ತಿದರು. ಕೆಲಸ ಸಿಕ್ಕಿತೇ ಎಂದು ಕೇಳಲಿಲ್ಲ.

"ಎಲ್ಲ್ಯರ ಬಿಗಿ ಆತೇನ್ರಿ ಅಳಿಯಂದ್ರ?"

"ಇಲ್ಲ ಅತ್ತೆ. ಎಲ್ಲೂ ಇಲ್ಲ."

"ಹಂಗಾರ ಒಯ್ರಿ," ಎಂದು ಸೆರಗಿನಿಂದ ಕಣ್ಣೊರೆಸಿಕೊಂಡು ಪೆಡಲ್ ಒತ್ತಿದರು.